‘ತಲೆ ಒಡೆದೆ’ ಅಂದ ಮಾತು

ಚಿಕ್ಕಬೀರಯ್ಯ ಸೋಲೂರಿನ ಕಡೆಯವನು. ಕುರಿ ಸಾಕುವ ಮನೆ. ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ ಬಂದಾಗ ಅವನಿನ್ನೂ ಮಂದೆಯ ಹಿಂದೆ ಓಡಾಡುವ ವಯಸ್ಸಿನವನು. ಮೊದಲು ಕುರಿಗಳು ಸತ್ತವು, ಆಮೇಲೆ ಅಪ್ಪ, ಆಮೇಲೆ ತಂಗಿಯರು. ಉಳಿದಿದ್ದ ಅವ್ವ ಅವನನ್ನು ಗಂಜಿಯ ಸಾಲಿನಲ್ಲಿ ನಿಲ್ಲಿಸಿ, ನೀರು ತರುತ್ತೇನೆಂದು ಹೋದವಳು ತಿರುಗಿ ಬರಲಿಲ್ಲ. ಬಿಟ್ಟು ಹೋದಳೋ, ದಾರಿಯಲ್ಲೇ ಬಿದ್ದಳೋ, ಅವನಿಗೆ ಕೊನೆತನಕ ಗೊತ್ತಾಗಲಿಲ್ಲ. ಕೂಲಿಯವರ ಗುಂಪುಗಳ ಜೊತೆ ಸೀಮೆಯಿಂದ ಸೀಮೆಗೆ ಅಲೆದು, ಮೀಸೆ ಮೂಡುವ ಹೊತ್ತಿಗೆ ಅವನು ಗೋವೆಯ ಗಡಿಯಲ್ಲಿ, ಘಟ್ಟ ಕಡಿದು ಮುರಗಾವಿನ ಬಂದರಿಗೆ ರೈಲು ಹಾಕುವ ಕೆಲಸದಲ್ಲಿದ್ದ.

ಅಲ್ಲಿ ಅವನ ಗುಂಪಿನ ಮೇಲೆ ಇದ್ದವನು ಪೋರ್ಚುಗೀಸು ಮಾತಾಡುವ ಒಬ್ಬ ದಢೂತಿ ಮನುಷ್ಯ. ಕೈಯಲ್ಲಿ ಯಾವಾಗಲೂ ಬೆತ್ತ. ಚಿಕ್ಕಬೀರಯ್ಯ ಆ ಭಾಷೆ ಕಲಿತದ್ದು ಆ ಬೆತ್ತದ ಕೆಳಗೆ. ಎತ್ತು, ಇಳಿಸು, ಬೇಗ, ಕಳ್ಳ, ನಾಯಿ ಎಂಬ ಮಾತುಗಳು ಮೊದಲು ಬಂದವು. ಅನ್ನ, ನೀರು, ಮಳೆ ಎಂಬವು ಆಮೇಲೆ. ಸಿಟ್ಟು ಬಂದಾಗ ಆ ಮನುಷ್ಯ "ಕೆಬ್ರುತ ಅ ಕಬೇಸ!" ಎಂದು ಕೂಗುತ್ತಿದ್ದ. ಕಬೇಸ ಎಂದರೆ ತಲೆ. ನಿನ್ನ ತಲೆ ಒಡೆಯುತ್ತೇನೆ ಎಂದು ಅದರ ಅರ್ಥ. ಇದನ್ನು ಯಾರೂ ಚಿಕ್ಕಬೀರಯ್ಯನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಮಾತಿನ ಬೆನ್ನಿಗೇ ಬಳ್ಳಾರಿ ಕಡೆಯ ಕೂಲಿಯೊಬ್ಬನ ತಲೆ ಒಡೆದು ರಕ್ತ ಸೋರಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಘಟ್ಟದ ಕೆಲಸ ಮುಗಿದ ಮೇಲೆ ಮೈಸೂರು ಸೀಮೆಗೆ ಮರಳಿ, ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿಗೆ ಸೇರಿ, ವರ್ಷಗಳು ಕಳೆದು ಕ್ಲೋಸ್‌ಪೇಟೆಯಲ್ಲಿ ಮೇಸ್ತ್ರಿಯಾದ. ಈಗಿನ ರಾಮನಗರಕ್ಕೆ ಆಗ ಅದೇ ಹೆಸರು. ಮಾಗಡಿ ಹತ್ತಿರದ ತಿಮ್ಮಮ್ಮನನ್ನು ಮದುವೆಯಾದ. ಮಕ್ಕಳು ಹುಟ್ಟಿದವು, ಉಳಿಯಲಿಲ್ಲ. ಹಳಿ ತನಿಖೆಗೆ ಬರುತ್ತಿದ್ದ ಬಿಳಿ ಇನ್‌ಸ್ಪೆಕ್ಟರನ ಟ್ರಾಲಿಯ ಮೇಲೆ ಕೂತು ಹೋಗುತ್ತ ಬರುತ್ತ ಇಂಗ್ಲಿಷೂ ಸ್ವಲ್ಪ ಕಿವಿಗೆ ಬಿತ್ತು. ಓದುಬರಹ ಬಾರದ ಮನುಷ್ಯ ಮೂರು ಭಾಷೆ ಆಡುತ್ತಾನೆಂದು ಪೇಟೆಯಲ್ಲಿ ಅವನಿಗೆ ಒಂದು ಹೆಸರೇ ಆಯಿತು. ಅವನಿಗೂ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು. ಗೋವೆಯ ಮಾತು ಆಡಿ ತೋರಿಸು ಎಂದರೆ ನಾಚದೆ ಆಡಿ ತೋರಿಸುತ್ತಿದ್ದ.

ಆ ಹೊತ್ತಿನಲ್ಲಿ ಪೇಟೆಯ ವರ್ತಕ ವೃಷಭೇಂದ್ರಪ್ಪನವರು ಅರ್ಕಾವತಿಯ ದಂಡೆಯಲ್ಲಿ ಎಣ್ಣೆ ಗಿರಣಿ ಹಾಕಿದರು. ಎತ್ತಿನ ಗಾಣ ಬಿಟ್ಟು ಉಗಿಯಂತ್ರದಲ್ಲಿ ಎಣ್ಣೆ ತೆಗೆಯಬೇಕೆಂಬುದು ಅವರ ಆಸೆ. ಮುರಗಾವಿನ ಬಂದರಿನಲ್ಲಿ ಹಳೆಯ ಯಂತ್ರವೊಂದು ಸಿಕ್ಕಿತು. ಅದನ್ನು ಬಲ್ಲ ಮನುಷ್ಯನೂ ಅದರ ಜೊತೆಗೇ ಬಂದ.

ಅವನ ಹೆಸರು ದೊಮಿಂಗೊಸ್. ಆಫ್ರಿಕಾದ ಕರಾವಳಿಯಲ್ಲಿ ಪೋರ್ಚುಗೀಸರ ಊರೊಂದರಲ್ಲಿ, ಅಲ್ಲಿಯ ಹೆಂಗಸಿಗೂ ಒಬ್ಬ ಪೋರ್ಚುಗೀಸು ಸಿಪಾಯಿಗೂ ಹುಟ್ಟಿದವನು. ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತ ಬಂದು ಮುರಗಾವಿನಲ್ಲಿ ಇಳಿದಿದ್ದ. ಪೋರ್ಚುಗೀಸು ಬಿಟ್ಟು ಬೇರೆ ಮಾತು ಬಾರದು. ಎತ್ತರದ ಆಳು, ಗುಂಗುರು ಕೂದಲು, ದೊಡ್ಡ ಕೈಗಳು. ಪೇಟೆಯವರು ಅವನನ್ನು ದುಮಿಂಗಪ್ಪ ಎಂದು ಕರೆದರು. ಹೆಂಗಸರು ಅವನು ಬರುವುದು ಕಂಡರೆ ಮಕ್ಕಳನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ಅವನ ಜೊತೆ ಮಾತಾಡಲು ಬರುತ್ತಿದ್ದವನು ಸುತ್ತಿನಲ್ಲಿ ಚಿಕ್ಕಬೀರಯ್ಯ ಒಬ್ಬನೇ.

ಗಿರಣಿಯವರು ಏನಾದರೂ ಹೇಳಬೇಕಾದಾಗ ಅವನಿಗೆ ಕರೆ ಬರುತ್ತಿತ್ತು. ಬರಬರುತ್ತ ಕರೆಯದಿದ್ದರೂ ಹೋಗತೊಡಗಿದ. ಸಂಜೆ ಹಳಿಯ ಕೆಲಸ ಮುಗಿಸಿ, ಗಿರಣಿಯ ಹಿಂದಿನ ಬಂಡೆಯ ಮೇಲೆ ಇಬ್ಬರೂ ಕೂತು ಬೀಡಿ ಸೇದುತ್ತಿದ್ದರು. ಬೆತ್ತವಿಲ್ಲದೆ ಆ ಭಾಷೆ ಆಡುವುದು ಚಿಕ್ಕಬೀರಯ್ಯನಿಗೆ ಅದೇ ಮೊದಲು.

ಒಂದು ದಿನ ಗಿರಣಿಯ ಮೇಲ್ವಿಚಾರಕ ಗುರುಸಿದ್ದಯ್ಯ ಏನೋ ಅಪ್ಪಣೆ ಕೊಟ್ಟುಹೋಗಿದ್ದ. ದೊಮಿಂಗೊಸ್ ಅದನ್ನು ಚಿಕ್ಕಬೀರಯ್ಯನ ಬಾಯಿಂದ ಕೇಳಿ, ಈ ಮಾತಿಗೆ ಕಾಲೂ ಇಲ್ಲ ತಲೆಯೂ ಇಲ್ಲ ಎಂದ.

"ಬಿಳಿ ಇನ್‌ಸ್ಪೆಕ್ಟರು ಇದನ್ನೇ ಬೇರೆ ಥರ ಹೇಳುತ್ತಾನೆ," ಎಂದ ಚಿಕ್ಕಬೀರಯ್ಯ. "ತಲೆಯೂ ಇಲ್ಲ, ಬಾಲವೂ ಇಲ್ಲ ಅನ್ನುತ್ತಾನೆ."

"ನಿಮ್ಮಲ್ಲಿ?"

"ನಮ್ಮಲ್ಲಿ ತಲೆಬುಡ ಇಲ್ಲ ಅಂತೀವಿ. ಮರಕ್ಕೆ ಇರುತ್ತಲ್ಲ, ಬುಡ."

ದೊಮಿಂಗೊಸ್ ಬಂಡೆ ತಟ್ಟಿ ನಕ್ಕ. ಇಂಗ್ಲಿಷಿನವನಿಗೆ ದನ, ನಿನಗೆ ಮರ, ನಾನೊಬ್ಬನೇ ಮನುಷ್ಯ ಎಂದ. ಅಂದಿನಿಂದ ಅದೊಂದು ಆಟವಾಯಿತು. ಇಂಗ್ಲಿಷಿನವರು ಮೈಪೂರ್ತಿ ಎನ್ನಲು ತಲೆಯಿಂದ ಕಾಲಿಗೆ ಇಳಿಯುತ್ತಾರೆ. ದೊಮಿಂಗೊಸನ ಮಾತಿನಲ್ಲಿ ಕಾಲಿನಿಂದ ತಲೆಗೆ ಹತ್ತುತ್ತಾರೆ. ನಮ್ಮಲ್ಲೂ ಅಡಿಯಿಂದ ಮುಡಿಗೇ ಹೋಗುವುದೆಂದು ತಿಳಿದು ಅವನಿಗೆ ಖುಷಿಯಾಯಿತು. ಕನಸು ಕಾಣುತ್ತ ಕೂರುವವನ ತಲೆ ಇಂಗ್ಲಿಷಿನಲ್ಲಿ ಮೋಡದಲ್ಲಿದ್ದರೆ ಅವನ ಭಾಷೆಯಲ್ಲಿ ಚಂದ್ರನಲ್ಲಿತ್ತು. ದಿಕ್ಕು ತೋಚದೆ ರೇಗಿದವನು ಆ ಎರಡರಲ್ಲೂ ತಲೆ ಕಳೆದುಕೊಳ್ಳುತ್ತಿದ್ದ. ನಮ್ಮಲ್ಲಿ ತಲೆ ಹೋಯಿತೆಂದರೆ ಪ್ರಾಣವೇ ಹೋದಂತೆ, ನಮಗೆ ತಲೆ ಬರೀ ಕೆಡುತ್ತದೆ ಎಂದು ಚಿಕ್ಕಬೀರಯ್ಯ ಹೇಳಿದ. ಎಲ್ಲ ಮಾತುಗಳೂ ಆ ಆಟದಲ್ಲಿ ಬರಲಿಲ್ಲ. ಬರದೆ ಉಳಿದವುಗಳ ಬಗ್ಗೆ ಆಗ ಯಾರಿಗೂ ಯೋಚನೆಯಿರಲಿಲ್ಲ.

ಗುರುಸಿದ್ದಯ್ಯ ವೃಷಭೇಂದ್ರಪ್ಪನವರ ತಂಗಿ ರೇವಮ್ಮನ ಗಂಡ. ಕೆಲಸದಲ್ಲಿ ಪ್ರಾಮಾಣಿಕ, ಆದರೆ ತಾಳ್ಮೆಯಿಲ್ಲದವನು. ಯಂತ್ರದ ದೊಡ್ಡ ಚಕ್ರದಿಂದ ಗಾಣಕ್ಕೆ ಹೋಗುವ ಚರ್ಮದ ಪಟ್ಟಿ ಪದೇಪದೇ ಜಾರುತ್ತಿತ್ತು. ಬೀಜ ಕೊಳೆಯುತ್ತಿದೆ, ಗಿರಣಿ ನಿಂತಿದೆ. ಒಂದು ಮಧ್ಯಾಹ್ನ ಅವನು ಎಲ್ಲರೆದುರಿಗೆ ದೊಮಿಂಗೊಸನನ್ನು ಬಾಯಿಗೆ ಬಂದಂತೆ ಬೈದ. ಬೈಗುಳಕ್ಕೆ ಭಾಷೆ ಬೇಕಾಗಿರಲಿಲ್ಲ. ದೊಮಿಂಗೊಸ್ ಕೈಯಲ್ಲಿದ್ದ ದೊಡ್ಡ ಸ್ಪ್ಯಾನರನ್ನು ಯಂತ್ರದ ಕಡೆ ಬೀಸಿ ತೋರಿಸುತ್ತ ತನ್ನ ಮಾತಿನಲ್ಲಿ ಏನೋ ಕೂಗಿದ. ಅದು ಹಳೆಯ ಪಟ್ಟಿ, ಯಾರೂ ಮುಟ್ಟಬೇಡಿ ಎಂದು ಅವನು ಕೂಗಿದ್ದನೆಂದು ಆಮೇಲೆ ತಿಳಿಯಿತು. ನೋಡಿದವರಿಗೆ ಕಂಡದ್ದು ಮೇಲೆತ್ತಿದ ಕಬ್ಬಿಣ ಮಾತ್ರ. ಚಿಕ್ಕಬೀರಯ್ಯ ಆ ದಿನ ಚನ್ನಪಟ್ಟಣದ ಕಡೆ ಹಳಿಯ ಮೇಲಿದ್ದ.

ಮಾರನೆಯ ಬೆಳಗ್ಗೆ ಗುರುಸಿದ್ದಯ್ಯ ಚಕ್ರದ ಪಕ್ಕದಲ್ಲಿ ಸತ್ತು ಬಿದ್ದಿದ್ದ. ಹಣೆಯ ಮೇಲಿಂದ ತಲೆ ಒಡೆದಿತ್ತು. ಪಟ್ಟಿ ಹರಿದು ನೆಲದಲ್ಲಿತ್ತು, ಸ್ಪ್ಯಾನರು ಅದರ ಹತ್ತಿರ. ಮೊದಲು ಕಂಡವನು ದೊಮಿಂಗೊಸನೇ. ಅವನು ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡು ಕೂಗುತ್ತಿದ್ದ. ಜನ ಬಂದಾಗ ಅವನ ಕೈ, ಅಂಗಿ ಎಲ್ಲ ರಕ್ತವಾಗಿತ್ತು.

ಪೊಲೀಸರು ಬಂದು ಕಟ್ಟಿ ಒಯ್ದರು. ಎರಡು ದಿನ ಬಿಟ್ಟು ಮ್ಯಾಜಿಸ್ಟ್ರೇಟರ ಎದುರು ಹೇಳಿಕೆ. ಭಾಷೆ ತಿಳಿದವನು ಬೇಕೆಂದು ಚಿಕ್ಕಬೀರಯ್ಯನಿಗೆ ಕರೆ ಬಂತು. ಅವನು ತಲೆಗೆ ಒಗೆದ ರುಮಾಲು ಸುತ್ತಿಕೊಂಡು ಹೋದ. ಸ್ನೇಹಿತ ತಪ್ಪು ಮಾಡಿಲ್ಲ, ತಾನು ಹೋಗಿ ಎರಡು ಮಾತು ಹೇಳಿದರೆ ಬಿಟ್ಟುಬಿಡುತ್ತಾರೆ ಎಂಬ ಧೈರ್ಯದಲ್ಲೇ ಇದ್ದ.

"ನೋಡಪ್ಪ," ಎಂದರು ಮ್ಯಾಜಿಸ್ಟ್ರೇಟರು, "ಇವನು ಏನು ಹೇಳುತ್ತಾನೋ ಅದನ್ನು ಮಾತಿಗೆ ಮಾತು ಹೇಳಬೇಕು. ನಿನ್ನದೇನೂ ಸೇರಿಸಬೇಡ. ಏನನ್ನೂ ಬಿಡಬೇಡ. ಪ್ರಮಾಣ ಮಾಡಿದ್ದೀಯ."

"ಆಗ್ಲಿ ಬುದ್ಧಿ."

ದೊಮಿಂಗೊಸ್ ನಿಂತಲ್ಲೇ ತೂಗಾಡುತ್ತಿದ್ದ. ಚಿಕ್ಕಬೀರಯ್ಯನನ್ನು ಕಂಡು ಅವನ ಮುಖ ಅರಳಿತು. ಪಟ್ಟಿ ಜಾರುತ್ತಿತ್ತು, ಅವರು ಬೈದರು, ನನಗೂ ಅವಮಾನವಾಯಿತು ಎಂದು ಶುರುಮಾಡಿದ. ಅಷ್ಟನ್ನು ಚಿಕ್ಕಬೀರಯ್ಯ ಸರಾಗವಾಗಿ ಹೇಳಿದ. ಆಮೇಲೆ ದೊಮಿಂಗೊಸ್, "ಅ ನೊಯ್ತ ತೋದ ಕೆಬ್ರೆಯ್ ಅ ಕಬೇಸ ಕೊಂ ಅ ಮಾಕಿನ," ಎಂದ.

ಚಿಕ್ಕಬೀರಯ್ಯನ ಬಾಯಿ ನಿಂತುಹೋಯಿತು. ರಾತ್ರಿಯೆಲ್ಲ, ಒಡೆದೆ, ತಲೆ, ಯಂತ್ರದಿಂದ. ಒಂದೊಂದು ಪದವೂ ಅವನಿಗೆ ಗೊತ್ತಿದ್ದದ್ದೇ. ಘಟ್ಟದ ಬೆತ್ತದವನ ಕೂಗು ಕಿವಿಯಲ್ಲಿ ಕೇಳಿಸಿತು.

"ಏನಂದ?" ಎಂದರು ಮ್ಯಾಜಿಸ್ಟ್ರೇಟರು.

ದಫೇದಾರ ಚಿಕ್ಕಬೀರಯ್ಯನನ್ನು ಮೊಣಕೈಯಲ್ಲಿ ತಿವಿದ.

"ರಾತ್ರಿ... ಮಿಸಿನ್ನಿಂದ ತಲೆ ಒಡೆದೆ ಅಂತಾವ್ನೆ ಬುದ್ಧಿ."

ಹಿಂದೆ ಕೂತಿದ್ದ ವೃಷಭೇಂದ್ರಪ್ಪನವರು "ಶಿವಶಿವಾ" ಎಂದು ಮುಖ ಮುಚ್ಚಿಕೊಂಡರು.

"ಇನ್ನೊಮ್ಮೆ ಕೇಳು. ನಿಚ್ಚಳವಾಗಿ ಕೇಳು."

ಚಿಕ್ಕಬೀರಯ್ಯ ಗೆಳೆಯನ ಕಡೆ ತಿರುಗಿ ಅವನ ಮಾತಿನಲ್ಲೇ ಕೇಳಿದ: ನೀನು ಯಂತ್ರದಿಂದ ತಲೆ ಒಡೆದೆಯಾ? ದೊಮಿಂಗೊಸ್ ಒಂದು ಕ್ಷಣವೂ ತಡೆಯಲಿಲ್ಲ. ಹೌದು, ಹೌದು, ರಾತ್ರಿಯೆಲ್ಲ ಎಂದ. ಆಮೇಲೆ ಬೆಳಗಿನ ಜಾವ ಮಲಗಿದ್ದು, ಎದ್ದು ಬಂದಾಗ ಪಟ್ಟಿ ಹರಿದು ಆ ಮನುಷ್ಯ ಬಿದ್ದಿದ್ದು, ಎಲ್ಲ ಹೇಳಿದ. ಚಿಕ್ಕಬೀರಯ್ಯ ಅದನ್ನೂ ಕನ್ನಡಕ್ಕೆ ತಿರುಗಿಸಿದ. ಆದರೆ ಆ ಹೊತ್ತಿಗೆ ಯಾರೂ ಪಟ್ಟಿಯ ಮಾತು ಕೇಳುತ್ತಿರಲಿಲ್ಲ. ಬರೆದುಕೊಂಡ ಹೇಳಿಕೆಗೆ ದೊಮಿಂಗೊಸ್ ಹೆಬ್ಬೆಟ್ಟು ಒತ್ತಿದ.

ಆ ಸಂಜೆ ಚಿಕ್ಕಬೀರಯ್ಯ ಮನೆಗೆ ಬಂದು ಹಿಟ್ಟು ಮುಟ್ಟಲಿಲ್ಲ.

"ಅವ್ನೇ ಒಪ್ಕೊಂಡ್ಬುಟ್ಟ ಕಣಮ್ಮಿ," ಎಂದ ಹೆಂಡತಿಗೆ. "ನನ್ ಬಾಯಲ್ಲೇ ಯೋಳ್ಸುದ."

"ಅಂತೋನಲ್ಲ ಅವ್ನು," ಎಂದಳು ತಿಮ್ಮಮ್ಮ. "ನೀನು ಸರ್ಯಾಗಿ ಕೇಳುಸ್ಕೊಂಡಾ?"

"ಎರಡ್ ಸಲ ಕೇಳ್ದೆ."

ಬೆಂಗಳೂರಿನ ದೊಡ್ಡ ಕೋರ್ಟಿನಲ್ಲಿ ವಿಚಾರಣೆ ನಡೆದಾಗಲೂ ಅವನೇ ದುಭಾಷಿ. ಅಲ್ಲಿ ದೊಮಿಂಗೊಸ್ ನಾನು ಕೊಂದಿಲ್ಲ ಎಂದ. ತಲೆ ಒಡೆದೆ ಎಂದು ಹೇಳಿದ್ದೀಯಲ್ಲ ಎಂದು ಕೇಳಿದರು. ಹೇಳಿದ್ದೇನೆ, ಅದು ನಿಜ, ಕೊಂದಿಲ್ಲ ಎಂದ. ಒಡೆದದ್ದು ನಿಜ, ಕೊಂದಿಲ್ಲ ಎಂದು ಚಿಕ್ಕಬೀರಯ್ಯ ತಿರುಗಿಸಿದಾಗ ಕೂತವರಲ್ಲಿ ಕೆಲವರು ಹಲ್ಲು ಕಡಿದರು. ಪೇಟೆಯಿಂದ ಬಂದ ಸಾಕ್ಷಿಗಳು ಸ್ಪ್ಯಾನರು ಎತ್ತಿದ್ದನ್ನು, ರಕ್ತದ ಅಂಗಿಯನ್ನು ಹೇಳಿದರು. ಗಲ್ಲು ಎಂದು ತೀರ್ಪಾಯಿತು. ಮೇಲಿನ ನ್ಯಾಯಾಲಯ ಒಪ್ಪಿದ ಮೇಲೆ ಜಾರಿ. ಆ ಒಂದು ಮಾತನ್ನು ಗೆಳೆಯನಿಗೆ ತಿಳಿಸುವ ಕೆಲಸವೂ ಚಿಕ್ಕಬೀರಯ್ಯನದೇ. ಗಲ್ಲಿಗೆ ಪೋರ್ಚುಗೀಸಿನಲ್ಲಿ ಏನೆನ್ನುತ್ತಾರೋ ಅವನಿಗೆ ಬಾರದು. ಕುತ್ತಿಗೆಗೆ ಕೈ ಇಟ್ಟು ತೋರಿಸಿದ.

ದೊಮಿಂಗೊಸನ ಪರವಾಗಿ ಸರ್ಕಾರದಿಂದ ನೇಮಕವಾಗಿದ್ದವರು ಮುನಿಶಾಮಯ್ಯ ಎಂಬ ವಕೀಲರು. ಅಪೀಲಿನ ಬಗ್ಗೆ ಕೇಳಬೇಕೆಂದು ಅವರು ಮಳೆಗಾಲದ ಒಂದು ಬೆಳಗ್ಗೆ ಚಿಕ್ಕಬೀರಯ್ಯನನ್ನು ಕರೆದುಕೊಂಡು ಜೈಲಿಗೆ ಹೋದರು. ದೊಮಿಂಗೊಸ್ ಸೊರಗಿದ್ದ. ಕಾಲಿನ ಸರಪಳಿ ಎಳೆದುಕೊಂಡು ಬಂದು ಕಂಬಿಯ ಆಚೆ ಕುಕ್ಕರಿಸಿದ. ವಕೀಲರನ್ನು ನೋಡಲೂ ಇಲ್ಲ.

"ಬೀರಾ," ಎಂದ, "ನನಗೆ ಅರ್ಥವಾಗುತ್ತಿಲ್ಲ. ಇಲ್ಲಿ ಬಂದಾಗಿನಿಂದ ನಾನು ಕೆಬ್ರು ಅ ಕಬೇಸ. ಯಾಕೆ ಅವರು ನನ್ನನ್ನು ಕೊಲೆಗಾರ ಅನ್ನುತ್ತಾರೆ? ಹಗಲೂ ರಾತ್ರಿ ಕೆಬ್ರು ಅ ಕಬೇಸ, ಹೊಳೆಯುವುದೇ ಇಲ್ಲ." ಹಾಗೆನ್ನುತ್ತ ಅವನು ಬೆರಳಿನಿಂದ ತನ್ನ ಹಣೆಯನ್ನು ಮೆಲ್ಲಗೆ ತಟ್ಟಿಕೊಳ್ಳುತ್ತಿದ್ದ, ಮರೆತುಹೋದ ಹೆಸರನ್ನು ನೆನಪಿಸಿಕೊಳ್ಳುವವರು ಮಾಡುವಂತೆ.

ತಲೆ ಒಡೆಯುತ್ತಿದ್ದೇನೆ ಎಂದು ಅವನು ಹೇಳುತ್ತಿದ್ದ. ಆ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಅವನ ತಲೆ ಒಡೆದಿರಲಿಲ್ಲ, ಒಂದು ಗೀರೂ ಇರಲಿಲ್ಲ. ಚಿಕ್ಕಬೀರಯ್ಯ ಕಂಬಿ ಹಿಡಿದುಕೊಂಡು ಕೂತ.

"ಹಾಗೆಂದರೆ ಏನು?" ಎಂದು ಕೇಳಿದ. ಆರು ತಿಂಗಳ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ.

ದೊಮಿಂಗೊಸ್ ಅವನನ್ನು ಬೆಪ್ಪನೆಂಬಂತೆ ನೋಡಿದ. ಯೋಚಿಸುವುದು, ಎಂದ. ಬಿಡದೆ ಯೋಚಿಸುವುದು. ಬಗೆಹರಿಯದ ಕೆಲಸ ಹಿಡಿದು ಒದ್ದಾಡುವುದು. ಯಂತ್ರದ ಮುಂದೆ ನಾನು ಆ ರಾತ್ರಿ ಮಾಡಿದ್ದೂ ಅದೇ ಅಲ್ಲವೆ, ಪಟ್ಟಿ ಯಾಕೆ ಜಾರುತ್ತದೆ ಎಂದು?

ಮುನಿಶಾಮಯ್ಯ ಏನು ಏನು ಎಂದು ಕೇಳುತ್ತಲೇ ಇದ್ದರು. ಚಿಕ್ಕಬೀರಯ್ಯ ಅವರ ಕಾಲು ಹಿಡಿದುಕೊಂಡ.

"ಸ್ವಾಮಿ, ನಾನು ಇವನ್ನ ಕೊಂದ್ಬುಟ್ಟೆ."

ವಕೀಲರು ಎಲ್ಲವನ್ನೂ ಬಿಡಿಸಿ ಕೇಳಿ ತಿಳಿದುಕೊಂಡರು. ಜೈಲಿನ ಹೊರಗೆ ಬಂದು ಜಟಕಾ ಹತ್ತುವ ಮುಂಚೆ ಹೇಳಿದರು: "ನಾವು ತಲೆ ಕೆಡಿಸಿಕೊಂಡೆ ಅಂತೀವಲ್ಲ, ಅದೇ ಇದು. ತಲೆ ಕೆಡಿಸಿಕೊಂಡೆ ಅಂದವನನ್ನು ಯಾರೂ ಹುಚ್ಚಾಸ್ಪತ್ರೆಗೆ ಕಳಿಸಲ್ಲ. ಇಂಗ್ಲಿಷಿನಲ್ಲೂ ಮಿದುಳು ಹಿಂಡಿಕೊಂಡೆ ಅನ್ನೋ ಥರದ ಮಾತಿದೆ. ಆದರೆ ಈಗ ನೀನು ಹೋಗಿ ಹೇಳಿದರೆ ಯಾರು ನಂಬ್ತಾರೆ? ಸ್ನೇಹಿತ ಅಂತ ಊರಿಗೇ ಗೊತ್ತು. ಎರಡು ಸಲ ಪ್ರಮಾಣ ಮಾಡಿ ಹೇಳಿದ್ದೀಯ. ಸುಳ್ಳು ಹೇಳಿದೆ ಅಂತ ನಿನ್ನನ್ನೇ ಒಳಗೆ ಹಾಕಬಹುದು."

"ಆಕ್ಲಿ ಸ್ವಾಮಿ."

ಬೆಂಗಳೂರಿನಲ್ಲಿ ಸಿಪಾಯಿಗಳಿದ್ದ ದಂಡಿನ ಕಡೆಯ ಒಂದು ಇಗರ್ಜಿಯಲ್ಲಿ ಪೋರ್ಚುಗೀಸು ಬಲ್ಲ ಮುದಿ ಪಾದ್ರಿಯೊಬ್ಬರು ಇದ್ದಾರೆಂದು ವಕೀಲರಿಗೆ ತಿಳಿಯಿತು. ಅವರನ್ನು ಒಪ್ಪಿಸಿ ಪ್ರಮಾಣದ ಮೇಲೆ ಹೇಳಿಸಬೇಕಿತ್ತು. ಪಾದ್ರಿ ಕಾಯಿಲೆಯಲ್ಲಿದ್ದರು, ದಿನಗಳು ಹೋದವು. ಅಷ್ಟರಲ್ಲಿ ಸುದ್ದಿ ಕ್ಲೋಸ್‌ಪೇಟೆಗೆ ಮುಟ್ಟಿತ್ತು. ವೃಷಭೇಂದ್ರಪ್ಪನವರು ಚಿಕ್ಕಬೀರಯ್ಯನನ್ನು ಅಂಗಡಿಯ ಮುಂದೆ ನಿಲ್ಲಿಸಿ ಕೇಳಿದರು.

"ಏನ್ಲಾ ಬೀರಯ್ಯ, ಆವತ್ತು ಒಡೆದೆ ಅಂದ ಅಂತ ಯೋಳ್ದೋನು ನೀನೇ ಅಲ್ವಾ? ಈಗ ಇಲ್ಲ ಅಂತೀಯಂತೆ. ಯಾರ್ಲಾ ತಿರುಗ್ಸಿದ್ದು ನಿನ್ ತಲೇನ?"

"ಯಾರೂ ತಿರುಗ್ಸಿಲ್ಲ ಬುದ್ಧಿ. ಮಾತು ನಂಗೇ ಗೊತ್ತಿರ್ನಿಲ್ಲ. ಗೊತ್ತೈತೆ ಅನ್ಕೊಂಡ್ಬುಟ್ಟಿದ್ದೆ."

"ಥೂ," ಎಂದು ಅವರು ಒಳಗೆ ಹೋದರು. ಅಂದಿನಿಂದ ಅಂಗಡಿ ಬೀದಿಯಲ್ಲಿ ಅವನಿಗೆ ಉಪ್ಪು ಕೊಡುವವರೂ ಇಲ್ಲವಾದರು. ತಿಮ್ಮಮ್ಮ ಸಾಮಾನಿಗೆ ಚನ್ನಪಟ್ಟಣದ ಸಂತೆಗೆ ನಡೆಯುತ್ತಿದ್ದಳು. ಗ್ಯಾಂಗಿನವರು ಅವನ ಮಾತು ಕೇಳುವುದು ಬಿಟ್ಟರು. ಮೇಸ್ತ್ರಿಗಿರಿಯನ್ನು ಅವನೇ ಬಿಟ್ಟ.

ಮೇಲಿನ ನ್ಯಾಯಾಲಯದಲ್ಲಿ ಪಾದ್ರಿ ಕುರ್ಚಿಯಲ್ಲಿ ಕೂತು ಸಾಕ್ಷಿ ಹೇಳಿದರು. ಆ ಮಾತು ಲೆಕ್ಕ ಬಾರದಿದ್ದಾಗ ತಮ್ಮ ತಾಯಿ ತಮಗೆ ದಿನಾ ಹೇಳುತ್ತಿದ್ದದ್ದು, ಬಿಡದೆ ಯೋಚಿಸು ಎಂದು ಅದರ ಅರ್ಥ ಎಂದರು. ಚಿಕ್ಕಬೀರಯ್ಯ ಕಟಕಟೆಯಲ್ಲಿ ನಿಂತು, ತಾನು ಆ ಭಾಷೆ ಕಲಿತದ್ದು ಹೇಗೆ, ಆ ಪದ ಎಲ್ಲಿ ಕೇಳಿದ್ದು, ಎಲ್ಲ ಹೇಳಿದ. ನಿನಗೆ ಆ ಭಾಷೆ ಬರುತ್ತದೆಂದು ಯಾಕೆ ಪ್ರಮಾಣ ಮಾಡಿದೆ ಎಂದು ಕೇಳಿದರು. ಹರಿ‌ದ ಪಟ್ಟಿಯನ್ನು ತರಿಸಿ ನೋಡಿದರು. ಅದರ ಎರಡು ತುದಿ ಸೇರಿಸುವ ಕಬ್ಬಿಣದ ಕೊಂಡಿ ಕಿತ್ತು ಹಾರಿತ್ತು. ಯಂತ್ರ ತಿಳಿದವರನ್ನು ಕರೆಸಿ ಕೇಳಿದಾಗ, ಬಾಯ್ಲರಿನಲ್ಲಿ ಉಗಿ ಉಳಿದಿರುವಾಗ ತಿಳಿಯದವರು ಉಗಿ ಬಿಡುವ ತಿರುಪು ತಿರುಗಿಸಿದರೆ ಹಳೆಯ ಪಟ್ಟಿ ಹೀಗೇ ಹರಿದು ಹೊಡೆಯುತ್ತದೆ ಎಂದರು. ದೊಮಿಂಗೊಸ್ ಮಲಗಿದ್ದಾಗ ಗುರುಸಿದ್ದಯ್ಯ ಬೆಳಗ್ಗೆ ಬಂದು ತಾನೇ ಯಂತ್ರ ನಡೆಸಲು ಹೋಗಿದ್ದ. ದೊಮಿಂಗೊಸನನ್ನು ಬಿಟ್ಟರು. ಚಿಕ್ಕಬೀರಯ್ಯನಿಗೆ ಶಿಕ್ಷೆಯೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಅವನು ಎಷ್ಟೋ ಸಲ ತಿಮ್ಮಮ್ಮನ ಹತ್ತಿರ ಅಂದದ್ದುಂಟು.

ಜೈಲಿನ ಬಾಗಿಲಲ್ಲಿ ಅವನು ಬುತ್ತಿ ಹಿಡಿದು ಕಾದಿದ್ದ. ಹೊರಗೆ ಬಂದವನನ್ನು ಮೊದಲು ಗುರುತಿಸಲಿಲ್ಲ. ಒಳಗೆ ರಕ್ತಭೇದಿ ಹಿಡಿದು ದೊಮಿಂಗೊಸ್ ಅರ್ಧಕ್ಕರ್ಧ ಆಗಿದ್ದ. ಬಟ್ಟೆ ಮೈಮೇಲೆ ನೇತಾಡುತ್ತಿತ್ತು. ಗೋಡೆಗೆ ಒರಗಿ ಕೂತು ಎರಡು ತುತ್ತು ತಿಂದು ಕಕ್ಕಿದ.

"ನಾನು ಅರ್ಥ ಕೇಳಲಿಲ್ಲ," ಎಂದ ಚಿಕ್ಕಬೀರಯ್ಯ.

ದೊಮಿಂಗೊಸ್ ಬುತ್ತಿಯ ಬಟ್ಟೆಯಿಂದ ಬಾಯಿ ಒರೆಸಿಕೊಂಡ. "ನೀನು ಕೇಳಿದೆ," ಎಂದ. "ನಾನು ಹೌದು ಅಂದೆ." ಅವನು ಸಿಟ್ಟಿನಿಂದ ಹೇಳಿದನೋ, ಸಮಾಧಾನಕ್ಕೆ ಹೇಳಿದನೋ, ಮುಖದಿಂದ ಗೊತ್ತಾಗುವಂತಿರಲಿಲ್ಲ.

ಮುರಗಾವಿನವರೆಗೆ ಹೋಗುವ ಶಕ್ತಿ ಅವನಲ್ಲಿರಲಿಲ್ಲ. ಚಿಕ್ಕಬೀರಯ್ಯ ಅವನನ್ನು ರೈಲಿನಲ್ಲಿ ಮಲಗಿಸಿಕೊಂಡು ಕ್ಲೋಸ್‌ಪೇಟೆಗೆ ತಂದ. ಸ್ಟೇಷನ್ನಿನಿಂದ ಮನೆಯವರೆಗೆ ಬೆನ್ನ ಮೇಲೆ ಹೊತ್ತ. ಬೀದಿಯವರು ಬಾಗಿಲು ಹಾಕಿಕೊಂಡರು. ತಿಮ್ಮಮ್ಮ ಜಗಲಿಯಲ್ಲಿ ಕಂಬಳಿ ಹಾಸಿ, ಗಂಜಿ ಬಸಿದು ಇಟ್ಟಿದ್ದಳು.

ಒಂದು ವಾರ ಕಳೆಯುವ ಮುಂಚೆ ರೇವಮ್ಮ ಬಂದಳು. ಮಟಮಟ ಮಧ್ಯಾಹ್ನ, ಒಬ್ಬಳೇ. ಕುಂಕುಮವಿಲ್ಲದ ಹಣೆ, ಕೈಯಲ್ಲಿ ಬಳೆಯಿಲ್ಲ. ಜಗಲಿಯ ಮೇಲೆ ಮಲಗಿದ್ದವನನ್ನು ನೋಡಿದಳು. ಚಿಕ್ಕಬೀರಯ್ಯ ಎದ್ದು ಕೈಮುಗಿದ.

"ಇವ್ನಲ್ಲ ಅಂತೀಯಲ್ಲ, ಇನ್ಯಾರು ಯೋಳು," ಎಂದಳು.

"ಯಾರೂ ಅಲ್ಲ ತಾಯಿ. ಮಿಸಿನ್ನು. ಪಟ್ಟಿ ಕಿತ್ಕೊಂಡು ಒಡೀತು."

"ನನ್ ಗಂಡ ತಾನೇ ಓಗಿ ಸತ್ತ ಅಂತೀಯ."

ಅವನು ನೆಲ ನೋಡಿದ.

"ಆವತ್ತು ಇವ್ನು ಕೊಂದ ಅಂದೆ. ನಾನು ಇವ್ನ ಎಸ್ರು ಇಡಿದು ಸಾಪ ಆಕ್ದೆ, ದಿನಾ ಪೂಜೇಲಿ ಕೂತ್ಕೊಂಡು ಆಕ್ದೆ. ಈಗ ಇವ್ನಲ್ಲ ಅಂತೀಯ. ಯಾವ ಮಾತು ನಂಬ್ಲಿ ನಾನು? ಇಡಿದ್ ಸಾಪನ ಎಲ್ಲಿ ಆಕ್ಲಿ?"

"ನನ್ ಮ್ಯಾಲೆ ಆಕಿ ತಾಯಿ."

ರೇವಮ್ಮ ಶಾಪ ಹಾಕಲಿಲ್ಲ, ಬೈಯಲಿಲ್ಲ. ತಿಮ್ಮಮ್ಮ ನೀರು ತಂದುಕೊಟ್ಟಳು. ಕೈಗೆ ತೆಗೆದುಕೊಂಡಳು, ಕುಡಿಯದೆ ಜಗಲಿಯ ಅಂಚಿಗೆ ಇಟ್ಟು ಹೊರಟುಹೋದಳು. ಆ ಮೇಲೆ ಅವಳು ಬೀದಿಯಲ್ಲಿ ಕಂಡರೆ ಚಿಕ್ಕಬೀರಯ್ಯ ಪಕ್ಕದ ಸಂದಿಗೆ ತಿರುಗಿಬಿಡುತ್ತಿದ್ದ.

ಚಳಿ ಶುರುವಾದಾಗ ದೊಮಿಂಗೊಸನಿಗೆ ಜ್ವರವೂ ಸೇರಿತು. ಪಂಡಿತರ ಕಷಾಯ, ಸರ್ಕಾರಿ ಆಸ್ಪತ್ರೆಯ ಔಷಧಿ, ಯಾವುದೂ ಹಿಡಿಯಲಿಲ್ಲ. ಕೊನೆಯ ದಿನಗಳಲ್ಲಿ ಅವನು ಬಿಡದೆ ಮಾತಾಡಿದ. ಎಲ್ಲ ತನ್ನ ಭಾಷೆಯಲ್ಲೇ. ಚಿಕ್ಕಬೀರಯ್ಯ ಪಕ್ಕದಲ್ಲಿ ಕೂತು ಕಿವಿಗೊಟ್ಟು ಕೇಳಿದ. ನೀರು ಎಂಬುದು ತಿಳಿಯಿತು. ಅವ್ವ ಎಂಬುದು ತಿಳಿಯಿತು. ಉಳಿದದ್ದರಲ್ಲಿ ನೂರಕ್ಕೆ ತೊಂಬತ್ತು ಮಾತು ಅವನು ಜನ್ಮದಲ್ಲಿ ಕೇಳದವು. ಬೆತ್ತದವನು ಅವನ್ನು ಯಾವತ್ತೂ ಆಡಿರಲಿಲ್ಲ, ಬಂಡೆಯ ಮೇಲಿನ ಆಟದಲ್ಲೂ ಅವು ಬಂದಿರಲಿಲ್ಲ. ಒಂದು ಮಾತನ್ನು ದೊಮಿಂಗೊಸ್ ಮತ್ತೆ ಮತ್ತೆ, ಚಿಕ್ಕಬೀರಯ್ಯನ ಮಣಿಕಟ್ಟು ಹಿಡಿದು ಹೇಳಿದ. ಉತ್ತರ ಬೇಕೆಂಬಂತೆ ನೋಡಿದ.

"ಏನಂತೆ?" ಎಂದಳು ತಿಮ್ಮಮ್ಮ.

"ಗೊತ್ತಿಲ್ಲ ಕಣಮ್ಮಿ."

"ಊಂ ಅನ್ನು. ಸಾಯೋನ್ಗೆ ಒಸಿ ಸಮಾಧಾನ."

"ಏನ್ಗೆ ಊಂ ಅನ್ಲಿ?"

ಅವನು ಹೂಂ ಎನ್ನಲಿಲ್ಲ. ಕೈಯನ್ನೂ ಬಿಡಿಸಿಕೊಳ್ಳಲಿಲ್ಲ. ಬೆಳಗ್ಗೆ ಬಿಸಿಲು ಜಗಲಿಗೆ ಬರುವ ಹೊತ್ತಿಗೆ ದೊಮಿಂಗೊಸ್ ಹೋಗಿದ್ದ.

ಸುದ್ದಿ ಹೇಳಿ ಕಳಿಸಿದಾಗ ದಂಡಿನ ಮುದಿ ಪಾದ್ರಿ, ನಡುಗುತ್ತಲೇ, ಒಬ್ಬರ ಹೆಗಲು ಹಿಡಿದು ರೈಲಿಳಿದು ಬಂದರು. ಬೆಟ್ಟದ ಬುಡದಲ್ಲಿ ಕುರುಬರು ತಮ್ಮವರನ್ನು ಹೂಳುವ ಜಾಗದ ಅಂಚಿನಲ್ಲಿ, ಗ್ಯಾಂಗಿನ ಮರಿಯಪ್ಪನೊಬ್ಬನೇ ಜೊತೆಗೆ ಬಂದು ಗುಂಡಿ ತೋಡಿದ. ಮಣ್ಣು ಮುಚ್ಚಿ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿ ಕೇಳಿದರು.

"ಕೊನೆಯಲ್ಲಿ ಏನು ಹೇಳಿದ? ದೇವರ ಹೆಸರು ಹೇಳಿದನೆ?"

"ಗೊತ್ತಾಗ್ನಿಲ್ಲ ಸ್ವಾಮಿ."

"ಹೇಳಿದ ಮಾತು ನೆನಪಿದ್ದರೆ ಹಾಗೇ ಹೇಳು, ನಾನು ಅರ್ಥ ಹೇಳುತ್ತೇನೆ."

ಚಿಕ್ಕಬೀರಯ್ಯ ಬಾಯಿ ತೆರೆದ. ಆ ಸದ್ದು ಅವನಿಗೆ ಇನ್ನೂ ಕಿವಿಯಲ್ಲೇ ಇತ್ತು. ಆದರೆ ನಾಲಿಗೆಯ ಮೇಲೆ ಬಂದಾಗ ಅದು ಅದೇ ಹೌದೋ, ಒಂದು ಅಕ್ಷರ ಆಚೀಚೆ ಆಗಿದೆಯೋ ಎಂದು ಅನುಮಾನವಾಯಿತು. ಎರಡು ಸಲ ಪ್ರಯತ್ನಿಸಿ ಬಿಟ್ಟುಬಿಟ್ಟ.

"ಬ್ಯಾಡಿ ಸ್ವಾಮಿ," ಎಂದ. "ತಪ್ಪೋಯ್ತದೆ."

ಪಾದ್ರಿ ಒತ್ತಾಯ ಮಾಡಲಿಲ್ಲ.

ಮುಂದಿನ ಯುಗಾದಿಗೆ ಗಂಡಹೆಂಡಿರು ಕ್ಲೋಸ್‌ಪೇಟೆ ಬಿಟ್ಟು ಸೋಲೂರಿನ ಕಡೆ ಹೋದರು. ದಾಯಾದಿಗಳ ಮಂದೆಯಲ್ಲಿ ಕೆಲವು ಕುರಿ ಪಾಲಿಗೆ ಸಿಕ್ಕವು. ಅವನು ಹೊಲದಂಚಿನಲ್ಲಿ ಕಂಬಳಿ ಹೊದ್ದು ಕೂತಿರುತ್ತಿದ್ದ, ಮಾತು ಕಡಿಮೆ. ರಸ್ತೆ ಅಳೆಯಲು ಬಂದ ಬಿಳಿಯನೊಬ್ಬನಿಗೆ ದಾರಿ ಹೇಳಲು ಜನ ಅವನನ್ನು ಕರೆದಾಗ ನನಗೆ ಇಂಗ್ಲಿಷು ಬಾರದು ಎಂದುಬಿಟ್ಟ. ಕನ್ನಡದಲ್ಲೂ ಯಾರಾದರೂ ಏನಾದರೂ ಅಂದರೆ, ಅಂದರೆ ಏನಪ್ಪ ಎಂದು ಕೇಳುತ್ತಿದ್ದ. ಅವರು ಬಿಡಿಸಿ ಹೇಳುವವರೆಗೂ ಮುಖ ನೋಡುತ್ತ ಕಾಯುತ್ತಿದ್ದ. ಮುದುಕನಿಗೆ ಕಿವಿ ಮಂದವಾಗಿದೆ ಎಂದು ಹೊಸ ಪೀಳಿಗೆಯವರು ತಿಳಿದಿದ್ದರು. ತಿಮ್ಮಮ್ಮ ಅವನಿಗಿಂತ ಮೊದಲು ಹೋದಳು. ಅವನು ಆಮೇಲೆ ಎರಡು ಮಳೆಗಾಲ ಕಂಡ.